ಸಂತೆ ಮಾರನೆ ದಿನ

ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ. ಇದರಲ್ಲಿ ನಮ್ಮ ಮಾವನವರ ಹೆಸರು ಎಲ್ಲೂ ಬರೋದಿಲ್ಲ. ಸೊಸೆಯಾದವಳು ಮಾವನ ಹೆಸರು ಹೇಳೋದುಂಟೇ? ಅವರು ತೀರಿಕೊಂಡು ಎಷ್ಟೋ ವರ್ಷ ಆಯ್ತು, ಈಗಲೂ ನನ್ನ ನಾಲಿಗೆ ಏಳೋದಿಲ್ಲ. ರೇಷನ್ ಕಾರ್ಡಿಗೆ, ಪಹಣಿಗೆ ಬೇಕಾದಷ್ಟು ಸಲ ಬರೆದುಕೊಟ್ಟಿದೀನಿ. ಇದನ್ನೂ ಬರೀತಾನೇ ಇದೀಯಲ್ಲಮ್ಮ ಅಂತೀರಾ? ಬರೆಯೋದು ಕೈಯೇ ಇರಬಹುದು, ಹೇಳ್ತಾ ಇರೋದು ಮಾತ್ರ ಬಾಯಿ. ಒಂದು ಹೆಸರು ಬಾಯಿಂದ ಬಂದರೆ ಏನಾಗುತ್ತೆ ಅನ್ನೋದು ನನಗೆ ಚೆನ್ನಾಗಿ ಗೊತ್ತು, ಅದಕ್ಕೇ ಇಷ್ಟು ಪೀಠಿಕೆ.

ತೊಂಬತ್ತರ ದಶಕ ಮುಗಿಯೋ ಹೊತ್ತು. ಬೆಳಗೋಡು ಹೋಬಳಿಯ ಸಣ್ಣದೊಂದು ಊರಲ್ಲಿ ನಾನು ಅಂಗನವಾಡಿ ಟೀಚರ್. ಮನೇಲಿ ಒಂದಿಷ್ಟು ಕಾಫಿ, ಅದರ ಕೆಳಗೆ ಗದ್ದೆ. ಅತ್ತೆ, ಮಾವ, ನಮ್ಮನೆಯವರು, ನಾನು, ಸ್ಕೂಲಿಗೆ ಹೋಗೋ ಎರಡು ಹೆಣ್ಣುಮಕ್ಕಳು. ಕಾಫಿ ಹಣ್ಣು ಕುಯ್ದು ಕಣದಲ್ಲಿ ಒಣಗಿಸ್ತಾ ಇದ್ದ ಕಾಲ. ಮಕ್ಕಳಿಗೆ ಉಪ್ಪಿಟ್ಟು ಬಡಿಸ್ತಾ ಇದ್ದೆ, ಅಂಗನವಾಡಿ ಮುಂದೆ ಒಂದು ಜೀಪು ಬಂದು ನಿಂತಿತು. ಇಳಿದವರು ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರಲ್ಲಿ ಮೆದುಳಿನ ಬಗ್ಗೆ ಸಂಶೋಧನೆ ಮಾಡೋ ಹೆಂಗಸು. ನಲವತ್ತೈದರ ಆಸುಪಾಸು, ಹತ್ತಿ ಸೀರೆ, ತಲೆ ಮೇಲೆ ಕನ್ನಡಕ. ಸಂಜೆ ಆಗೋದರೊಳಗೆ ಊರವರು ಅವರಿಗೆ ಡಾಕ್ಟ್ರಮ್ಮ ಅಂತ ಹೆಸರಿಟ್ಟಾಗಿತ್ತು. "ನಾನು ಮಾತ್ರೆ ಕೊಡೋ ಡಾಕ್ಟರಲ್ಲ" ಅಂತ ಅವರು ಬಡ್ಕೊಂಡರೂ ಮಂಡಿ ನೋವಿನವರೆಲ್ಲ ಸೀರೆ ಎತ್ತಿ ಮಂಡಿ ತೋರಿಸಿಯೇ ತೋರಿಸಿದರು.

ಅವರು ಹುಡುಕ್ತಾ ಇದ್ದದ್ದು ಒಂದು ಗೆರೆ. ವಯಸ್ಸಾದ ಮೇಲೆ ಎಲ್ಲರಿಗೂ ಮರೆವು ಬರುತ್ತೆ, ಅದು ಸಹಜ. ಆದರೆ ಕೆಲವರ ಮರೆವು ಮೆದುಳಿಗೆ ಬಂದ ಕಾಯಿಲೆ. ನಾವು ಎರಡನ್ನೂ ಒಂದೇ ಮೂಟೆಗೆ ತುಂಬಿ ಅರವತ್ತಕ್ಕೆ ಅರಳು ಮರಳು ಅಂದು ಬಾಯಿ ಕಟ್ಟಿಬಿಡ್ತೀವಿ. ಸಹಜ ಎಲ್ಲಿ ಮುಗಿಯುತ್ತೆ, ಕಾಯಿಲೆ ಎಲ್ಲಿ ಶುರುವಾಗುತ್ತೆ ಅನ್ನೋದು ಅವರ ಪ್ರಶ್ನೆ. ಅದನ್ನ ಅಳೆಯೋಕೆ ಇದ್ದ ಪರೀಕ್ಷೆಗಳೆಲ್ಲ ಓದು ಬರಹ ಬಲ್ಲವರಿಗಾಗಿ ಮಾಡಿದ್ದಂತೆ. ಪೆನ್ಸಿಲ್ಲೇ ಹಿಡಿಯದ ನಮ್ಮ ಕಡೆ ಅಜ್ಜ ಅಜ್ಜಿಯರಿಗೆ ಅದನ್ನ ಕೊಟ್ಟರೆ ಎಲ್ಲರೂ ಫೇಲು. ಇಂಥವರಿಗೂ ಸಲ್ಲೋ ಪರೀಕ್ಷೆ ಬೇಕು ಅಂತ ಸಕಲೇಶಪುರ, ಆಲೂರು ಎರಡೂ ತಾಲೂಕು ಸುತ್ತೋಕೆ ಬಂದಿದ್ದರು. ಜೊತೆಗೆ ಊರು ಮನೆ ಗೊತ್ತಿರೋರೊಬ್ಬರು ಬೇಕಿತ್ತು. ನಾನು ಹ್ಞೂಂ ಅಂದೆ. ಜೀಪಲ್ಲಿ ಕೂರೋ ಆಸೆ ಅಂತಲೇ ಇಟ್ಕೊಳಿ.

ಆ ಪ್ರಶ್ನೆ ಪತ್ರಿಕೆಯ ಕನ್ನಡ ನೋಡಬೇಕಿತ್ತು ನೀವು! 'ಪ್ರಸ್ತುತ ಋತು ಯಾವುದೆಂದು ತಿಳಿಸಿ.' ಮಗ್ಗೆ ಹತ್ತಿರದ ಒಬ್ಬ ಅಜ್ಜನಿಗೆ ಇದನ್ನ ಓದಿ ಹೇಳಿದ್ದಕ್ಕೆ, "ನಮ್ಮೂರಲ್ಲಿ ಆ ಹೆಸ್ರಿನೋರು ಯಾರೂ ಇಲ್ಲ ಕಣವ್ವ" ಅಂದ. ಯಸಳೂರು ಕಡೆ ಒಬ್ಬ ಅಜ್ಜಿಗೆ "ಇದು ಯಾವ ಊರು?" ಅಂತ ಡಾಕ್ಟ್ರಮ್ಮನೇ ಕೇಳಿದರು. ಅಜ್ಜಿ ಅವರ ಮುಖ ನೋಡಿ, ನನ್ನ ಮುಖ ನೋಡಿ, ಸೊಸೆಯನ್ನ ಕರೆದು, "ಪಾಪ, ಎಲ್ಲಿಗ್ ಬಂದಿದೀನಿ ಅಂತ್ಲೂ ಗೊತ್ತಿಲ್ವಂತೆ. ಬಸ್ ಹತ್ತಿಸಿ ಬಾ" ಅಂದಳು. ನೂರರಿಂದ ಏಳೇಳು ಕಳೀತಾ ಬಾ ಅಂದರೆ, "ಯಾಕೆ ಕಳೀಬೇಕು? ಇದ್ದದ್ದು ಇದ್ದಂಗೇ ಇರ್ಲಿ ಬುಡು" ಅಂದವರೂ ಉಂಟು. ನಾನು ನಗು ತಡೆಯೋಕಾಗದೆ ಹಿತ್ತಲಿಗೆ ಓಡ್ತಿದ್ದೆ. ಡಾಕ್ಟ್ರಮ್ಮ ಓಡ್ತಿರಲಿಲ್ಲ, ಅಲ್ಲೇ ಕೂತು ನಗೋರು. ನಕ್ಕು ಮುಗಿಸಿ ಪ್ರಶ್ನೆ ಹೊಡೆದುಹಾಕಿ ಹೊಸದು ಬರೆಯೋರು. ಅದಕ್ಕೇ ಅವರು ನನಗೆ ಇಷ್ಟ ಆಗಿದ್ದು.

ನೆನಪು ಹೇಗೆ ಹೋಗುತ್ತೆ ಅನ್ನೋದನ್ನ ಅವರು ನನಗೆ ಹೇಳಿಕೊಟ್ಟದ್ದು ಒಂದು ಹಳೇ ಮನೆಯ ಗೋಡೆ ಮುಂದೆ ನಿಂತು. "ನೋಡಿ, ವರ್ಷವರ್ಷ ಸುಣ್ಣ ಬಳಿದಿದಾರೆ. ಉದುರುವಾಗ ಯಾವುದು ಮೊದಲು ಉದುರುತ್ತೆ? ಮೇಲಿನದು. ಹೋದ ವರ್ಷ ಬಳಿದದ್ದು. ಎಲ್ಲದಕ್ಕಿಂತ ಮೊದಲು ಬಳಿದ ಬಣ್ಣ ಕೊನೆಗೆ ಉಳಿಯುತ್ತೆ." ಬೆಳಗ್ಗೆ ತಿಂದ ರೊಟ್ಟಿ ಮರೆತುಹೋದವರಿಗೆ ಚಿಕ್ಕಂದಿನಲ್ಲಿ ಮರ ಹತ್ತಿದ್ದು ನೆನಪಿರೋದು ಇದಕ್ಕೇ ಅಂದರು. ಅಷ್ಟೆಲ್ಲ ಹೇಳಿ ಕನ್ನಡಕ ಎಲ್ಲಿಟ್ಟೆ ಅಂತ ಜೀಪೆಲ್ಲ ತಡಕಾಡಿದರು. ಅದು ತಲೆ ಮೇಲಿತ್ತು.

ವರ್ಷಕ್ಕೊಂದು ಸಲ ಕಾಫಿ ಕುಯ್ಲಿನ ಕಾಲಕ್ಕೆ ಬಂದು ಅದೇ ಜನರನ್ನ ಮತ್ತೆ ಪರೀಕ್ಷೆ ಮಾಡೋದು ಅವರ ಕ್ರಮ. ಮೊದಲನೇ ವರ್ಷವೇ ನಮ್ಮ ಮನೆಗೂ ಬಂದರು. ಅರವತ್ತು ದಾಟಿದವರು ಅಂದಮೇಲೆ ನಮ್ಮ ಅತ್ತೆಯೂ ಲೆಕ್ಕಕ್ಕೆ ಬಂದರಲ್ಲ.

ನಮ್ಮ ಅತ್ತೆ ಅಂದರೆ ಸಾಮಾನ್ಯದವರಲ್ಲ. ಗಿಡ್ಡಕ್ಕೆ, ಗಟ್ಟಿಯಾಗಿ, ಬೆಳಗಿಂದ ಸಂಜೆತನಕ ಕಾಲು ನಿಲ್ಲದ ಹೆಂಗಸು. ನನಗೆ ಕೋಪ ಮೂಗಿನ ತುದೀಲಿ, ಅವರಿಗೆ ಮಾತು ನಾಲಿಗೆ ತುದೀಲಿ. ನಾವಿಬ್ಬರೂ ಜಗಳ ಆಡದ ದಿನ ಮಾವನವರು, "ಏನು, ಇವತ್ತು ಯಾರಿಗಾದ್ರೂ ಹುಷಾರಿಲ್ವಾ?" ಅಂತ ಕೇಳೋರು. ಆದರೆ ನನ್ನ ಎರಡೂ ಬಾಣಂತನದಲ್ಲಿ ನನ್ನ ತವರಿಗೆ ಕಳಿಸದೆ, ಸ್ವಂತ ತಾಯಿಯ ಹಾಗೆ ಎಣ್ಣೆ ನೀರು ಹಾಕಿ ನೋಡ್ಕೊಂಡವರು ಅವರೇ. ಅವರ ಮೇಲೆ ಎಷ್ಟು ಸಿಟ್ಟು ಬರ್ತಿತ್ತೋ ಅಷ್ಟೇ ಪ್ರಾಣ ನನಗೆ.

ಡಾಕ್ಟ್ರಮ್ಮ ನನ್ನ ಜೊತೆ ಅಡುಗೆಮನೆ ಬಾಗಿಲಲ್ಲಿ ಕೂತು ಅಕ್ಕಿ ರೊಟ್ಟಿ ತಿಂತಿದ್ದರು. ಹೊರಗೆ ಜಗಲಿ ಮೇಲೆ ಅವರ ಜೊತೆ ಬಂದಿದ್ದ, ಬೆಂಗಳೂರಲ್ಲಿ ಓದ್ತಿದ್ದ ಹುಡುಗಿ ಅತ್ತೆಗೆ ಪ್ರಶ್ನೆ ಕೇಳ್ತಿದ್ದಳು.

"ಅಜ್ಜಿ, ಇವತ್ತು ಯಾವ ವಾರ?"

"ಸಂತೆ ಮಾರ್ನೆ ದಿನ."

"ಅದು ಸರಿ ಅಜ್ಜಿ. ವಾರದ ಹೆಸರು ಹೇಳಿ."

"ಅದೇ ಕಣವ್ವ, ನೆನ್ನೆ ಸಂತೆ ಆಯ್ತಲ್ಲ, ಅದ್ರ ಮಾರ್ನೆ ದಿನ."

ಹುಡುಗಿ ಏನೋ ಗೀಚಿಕೊಂಡಳು. ಆಮೇಲೆ, "ನಿಮ್ಮ ಪತಿಯ ಹೆಸರೇನು?" ಅಂದಳು.

ಅತ್ತೆ ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ನಕ್ಕರು. ಮಾವ ಜಗಲಿಯ ಆ ತುದೀಲಿ ಎಲೆಯಡಿಕೆ ಹಾಕ್ಕೊಂಡು ಕೂತಿದ್ದರು. "ಅಲ್ಲೇ ಕುಂತವ್ರಲ್ಲ, ಅವ್ರನ್ನೇ ಕೇಳು" ಅಂದರು ಅತ್ತೆ.

"ನನ್ನ್ಯಾಕೆ ಕೇಳ್ತಾರೆ? ಪ್ರಶ್ನೆ ಬಂದಿರೋದು ನಿಂಗೆ. ಹೇಳಮ್ಮಿ. ಸರ್ಕಾರ್ದೋರು ಕಣೇ, ಹೇಳ್ದಿದ್ರೆ ಹಿಡ್ಕಂಡ್ ಹೋಯ್ತಾರೆ" ಅಂದರು ಮಾವ, ಕಣ್ಣಲ್ಲೇ ನಗ್ತಾ.

"ಹಿಡ್ಕಂಡ್ ಹೋಗ್ಲಿ ಬುಡಿ. ಎರಡು ದಿನ ಅನ್ನ ಬೇಯ್ಸೋರು ಇಲ್ದಿದ್ರೆ ನಿಮ್ಗೇ ಗೊತ್ತಾಯ್ತದೆ."

ಈ ಆಟ ಹೊಸದಲ್ಲ. ಐವತ್ತು ವರ್ಷದಿಂದ ಮಾವ ಅತ್ತೆಯ ಬಾಯಲ್ಲಿ ತಮ್ಮ ಹೆಸರು ಹೇಳಿಸೋಕೆ ನೋಡ್ತಾನೇ ಇದ್ದರು. "ಒಂದೇ ಒಂದ್ಸಲ ಹೇಳು, ಸಕಲೇಶಪುರದಿಂದ ಬದನೇಕಾಯ್ ಬಣ್ಣದ ರೇಷ್ಮೆ ಸೀರೆ ತಂದ್ಕೊಡ್ತೀನಿ, ಅಂಗೈಯಗಲ ಅಂಚಿಂದು." ಇದು ಅವರ ಮಾತು. "ಇರೋ ಸೀರೆ ಹರಿಯೋವಷ್ಟ್ರಲ್ಲಿ ನಾನೇ ಹೋಗಿರ್ತೀನಿ, ಬ್ಯಾಡ" ಇದು ಅತ್ತೆಯ ಮಾತು. ಮದುವೆ ದಿನ ಬಾಗಿಲು ತಡೆದು ನಾದಿನಿಯರು ಹೆಸರು ಹೇಳಿಸ್ತಾರಲ್ಲ, ಅವತ್ತು ಹೇಳಿದ್ದೇ ಕೊನೆಯಂತೆ. ಆಮೇಲೆ ಕರೆಯೋದೇನಿದ್ದರೂ 'ಕೇಳ್ತಾ', 'ಇವ್ರೇ', 'ಎಲ್ ಹೋದ್ರಿ' ಅಷ್ಟೇ. ಮಾವನ ಹೆಸರಿನೊಳಗೆ ವಾರದ ಒಂದು ದಿನದ ಹೆಸರೂ ಸೇರಿಕೊಂಡಿತ್ತು. ಅದಕ್ಕೇ ಆ ದಿನವನ್ನೂ ಅತ್ತೆ ಹೆಸರು ಹಿಡಿದು ಹೇಳ್ತಿರಲಿಲ್ಲ, ಸಂತೆ ಮಾರನೆ ದಿನ ಅನ್ನೋರು. ಯಾವೂರ ಸಂತೆ ಅಂತ ಕೇಳಬೇಡಿ. ಹೇಳಿದರೆ ಅರ್ಧ ಹೆಸರು ನಾನೇ ಹೇಳಿದಂಗಾಯ್ತು.

ಹುಡುಗಿ ಪೇಪರ್ ತಂದು ಡಾಕ್ಟ್ರಮ್ಮನ ಕೈಗೆ ಕೊಟ್ಟಳು. ನಾನು ಕತ್ತು ಉದ್ದ ಮಾಡಿ ನೋಡಿದೆ. ವಾರಕ್ಕೆ ಸೊನ್ನೆ. ಗಂಡನ ಹೆಸರಿಗೆ ಸೊನ್ನೆ. ಅಂಚಿನಲ್ಲಿ 'ನೆನಪಿನ ತೊಂದರೆ ಇರಬಹುದು' ಅಂತ ಬೇರೆ!

ನನಗೆ ಎಲ್ಲಿತ್ತೋ ಸಿಟ್ಟು. "ಯಾರ್ರೀ ಹೇಳಿದ್ದು ನಮ್ಮತ್ತೆಗೆ ನೆನಪಿಲ್ಲ ಅಂತ? ಯಾವ್ ಸೊಸೆ ಯಾವತ್ತು ಎಷ್ಟು ಸೇರು ಅಕ್ಕಿ ಹಾಕಿದ್ಲು ಅಂತ ಹತ್ತು ವರ್ಷದ್ದು ಹೇಳ್ತಾರೆ ಅವ್ರು. ಆ ಸೊಸೆ ನಾನೇ. ಬೇಕಾದ್ರೆ ಕೇಳಿ! ಗಂಡನ ಹೆಸ್ರು ಹೇಳದೆ ಇದ್ರೆ ಅದು ಮರ್ತಿದ್ದಲ್ಲ, ನೆನಪಿಟ್ಕೊಂಡಿದ್ದು. ಮರ್ತೋಗಿದ್ರೆ ಬಾಯ್ತಪ್ಪಿ ಬಂದ್ಬುಡ್ತಿತ್ತಲ್ಲ!"

ಕೊನೇ ಮಾತನ್ನ ನಾನೇ ಆಡಿದ್ದು. ನೆನಪಿಟ್ಕೊಳಿ.

ಡಾಕ್ಟ್ರಮ್ಮ ರೊಟ್ಟಿ ಹಿಡ್ಕೊಂಡ ಕೈ ಹಾಗೇ ನಿಲ್ಲಿಸಿದರು. "ಅಂದ್ರೆ ಇಷ್ಟು ದಿನ ಎಷ್ಟು ಜನ ಹೆಂಗಸರಿಗೆ ನಾವು ಸೊನ್ನೆ ಹಾಕಿದೀವಿ?" ಅಂದರು. ಮುಖ ಕೆಂಪಾಗಿತ್ತು. ಅವತ್ತು ಮಧ್ಯಾಹ್ನ ಹಳೇ ಪೇಪರುಗಳನ್ನೆಲ್ಲ ನಮ್ಮ ಜಗಲಿ ಮೇಲೆ ಹರವಿ ಒಂದೊಂದನ್ನೂ ತಿದ್ದಿದರು. ಆ ಪ್ರಶ್ನೆ ಮುಂದೆ ಕೈಯಿಂದ ಹೊಸದೊಂದು ಚೌಕದ ಮನೆ ಎಳೆದು, 'ಗೊತ್ತಿದೆ, ಹೇಳುವುದಿಲ್ಲ' ಅಂತ ಬರೆದು, ಅದಕ್ಕೆ ಪೂರ್ತಿ ಅಂಕ ಕೊಟ್ಟರು. ವಾರದ ಪ್ರಶ್ನೆಗೂ ಹಾಗೇ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಯಜಮಾನರ ಹೆಸರೇನು?" ಅಂದರು. ನಾನು ಸೆರಗು ಬಾಯಿಗೆ ಇಟ್ಕೊಂಡೆ. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. ವಿಜ್ಞಾನವನ್ನೇ ತಿದ್ದಿದೆ ಅಂತ ನನಗೆ ಒಂದು ತಿಂಗಳು ಕಾಲು ನೆಲದ ಮೇಲಿರಲಿಲ್ಲ.

ಅವತ್ತೇ ಮಾವ ಡಾಕ್ಟ್ರಮ್ಮನಿಗೆ ಹಳೇ ಕತೆ ಹೇಳಿದ್ದು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡು, ಮಾವ ಬೆಳೆದದ್ದು ಮಗ್ಗೆ ಕಡೆ ಅವರ ಸೋದರಮಾವನ ಮನೇಲಿ. ಆ ಮನೆಯ ಮಗಳೇ ಅತ್ತೆ. ಒಟ್ಟಿಗೇ ಉಂಡು, ಒಟ್ಟಿಗೇ ದನ ಕಾಯ್ದು, ಕೆರೆಯಲ್ಲಿ ಬಿದ್ದು ಎದ್ದವರು. 'ಬಾವ ಅನ್ನೇ' ಅಂತ ಆ ಮನೆಯ ಅಜ್ಜಿ ಸೌಟಲ್ಲಿ ಕೈಮೇಲೆ ಕೊಟ್ಟರೂ ಈ ಹುಡುಗಿ ಹೆಸರು ಹಿಡಿದೇ ಕೂಗ್ತಿದ್ದಳಂತೆ. "ದಿನಕ್ಕೆ ನೂರ್ಸಲ ಕೂಗೋಳು. ತಾಳಿ ಕಟ್ದೆ ನೋಡಿ, ಬಾಯಿಗೆ ಬೀಗ ಹಾಕ್ಕಂಡ್ಬುಟ್ಲು. ಕಟ್ಟಿದ್ದೇ ತಪ್ಪಾಯ್ತೇನೋ" ಅಂದರು ಮಾವ. ಒಳಗಿಂದ ಅತ್ತೆ, "ಈಗೇನ್ ಬಿಚ್ಕೊಡ್ಲಾ?" ಅಂತ ಕೂಗಿದರು.

ಎರಡನೇ ವರ್ಷ ಅಷ್ಟು ಚೆನ್ನಾಗಿರಲಿಲ್ಲ.

ಸಾರಿಗೆ ಎರಡು ಸಲ ಉಪ್ಪು ಬೀಳೋಕೆ ಶುರುವಾಯ್ತು. ಪೆಟ್ಟಿಗೆ ಬೀಗದ ಕೈ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಹಸು ಕರೆದು ಬಂದವರು ಹತ್ತು ನಿಮಿಷಕ್ಕೆ ಮತ್ತೆ ಚೊಂಬು ಹಿಡಿದು ಹೊರಟರು. ಒಂದೇ ಮಾತನ್ನ ಬೆಳಗ್ಗೆ ನಾಲ್ಕು ಸಲ ಕೇಳಿದರು, ನಾನು ನಾಲ್ಕನೇ ಸಲ ರೇಗಿದೆ, ಅವರು ಮಗುವಿನ ಹಾಗೆ ಹೆದರಿ ನೋಡಿದರು. ಅತ್ತೆ ನನಗೆ ಹೆದರೋದೇ! ಜಗಳಕ್ಕೆ ಬರಲಿಲ್ಲವಲ್ಲ ಅಂತ ಹಿತ್ತಲಲ್ಲಿ ನಿಂತು ಅತ್ತುಬಿಟ್ಟೆ.

ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತು ಅಂತಾರಲ್ಲ, ನಾನು ಹಾಗಾದೆ. ಅಷ್ಟು ದಿನದಲ್ಲಿ ಎಷ್ಟು ಮನೆಯಲ್ಲಿ ಕೂತು, "ಇದು ಕಾಯಿಲೆ ಕಣ್ರೀ, ಬೇಕು ಅಂತ ಮಾಡ್ತಿಲ್ಲ, ಬಯ್ಯಬೇಡಿ" ಅಂತ ಸಮಾಧಾನ ಹೇಳಿದ್ದೆನೋ. ನಮ್ಮ ಮನೆಗೆ ಬಂದಾಗ ಮಾತ್ರ, ಅದು ಆಯಾಸ, ಅದು ಪಿತ್ತ, ಅದು ಕಣ್ಣು ಮಂಜು. ಡಾಕ್ಟ್ರಮ್ಮ ಬರೋಕೆ ಒಂದು ತಿಂಗಳು ಇರುವಾಗಲೇ ಅತ್ತೆಗೆ ಪಾಠ ಶುರು ಮಾಡಿದೆ. ಪರೀಕ್ಷೇಲಿ ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಮತ್ತೆ ಕೇಳ್ತಾರೆ. ಪದ ಯಾವುದು ಅಂತ ನನಗೆ ಗೊತ್ತಲ್ಲ. ಚಾಪೆ, ನಿಂಬೆಹಣ್ಣು, ಗಂಟೆ. ಅಂಗನವಾಡಿ ಮಕ್ಕಳಿಗೆ ಪದ್ಯ ಕಲಿಸೋ ಹಾಗೆ ದಿನಾ ಮೂರು ಹೊತ್ತು ಹೇಳಿಸಿದೆ. "ಚಾಪೆ, ನಿಂಬೆಹಣ್ಣು, ಗಂಟೆ" ಅಂತ ಅತ್ತೆ ಬೆಣ್ಣೆ ಕಡೆಯುವಾಗಲೂ ಹೇಳೋರು. ಯಾಕೆ ಅಂತ ಅವರಿಗೆ ಗೊತ್ತಿರಲಿಲ್ಲ, ನಾನು ಹೇಳು ಅಂದೆ ಅಂತ ಹೇಳ್ತಿದ್ದರು.

ಡಾಕ್ಟ್ರಮ್ಮ ಬಂದು ಜಗಲಿ ಮೇಲೆ ಕೂತು, "ಹೇಗಿದೀರಿ ಅಮ್ಮ?" ಅಂದರು ಅಷ್ಟೇ. ಅತ್ತೆ ಕೈಕಟ್ಟಿ ನಿಂತು, "ಚಾಪೆ, ನಿಂಬೆಹಣ್ಣು, ಗಂಟೆ" ಅಂದುಬಿಟ್ಟರು.

ನಾನು ನೆಲ ನೋಡಿದೆ. ಮಾವ ಕೆಮ್ಮಿದರು. ಡಾಕ್ಟ್ರಮ್ಮ ನಗಲಿಲ್ಲ, ಬಯ್ಯಲೂ ಇಲ್ಲ. "ಟೀಚರ್ ಮನೆ ಅಲ್ವಾ" ಅಂದು ನನ್ನ ಬೆನ್ನು ಸವರಿದರು. ಆಮೇಲೆ ಬೇರೆ ಮೂರು ಪದ ಹೇಳಿದರು. ಐದು ನಿಮಿಷ ಬಿಟ್ಟು ಕೇಳಿದರೆ ಅತ್ತೆ ಖುಷಿಯಿಂದ ಅದೇ ಚಾಪೆ, ಅದೇ ನಿಂಬೆಹಣ್ಣು, ಅದೇ ಗಂಟೆ ಹೇಳಿದರು.

ಕೊನೆಗೆ ಗಂಡನ ಹೆಸರು ಕೇಳಿದರು. ಅತ್ತೆ ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ನಕ್ಕರು.

"ನೋಡಿ!" ಅಂತ ನಾನು ಹಾರಿಬಿದ್ದೆ. "ಹೇಳ್ಲಿಲ್ಲ ನೋಡಿ! 'ಗೊತ್ತಿದೆ, ಹೇಳುವುದಿಲ್ಲ.' ಪೂರ್ತಿ ಅಂಕ ಹಾಕಿ." ಡಾಕ್ಟ್ರಮ್ಮ ಹಾಕಿದರು. ಆದರೆ ಜೀಪು ಹತ್ತೋ ಮುಂಚೆ ನನ್ನ ಕೈ ಹಿಡಿದು ನಿಜ ಹೇಳಿದರು. ಇದು ಕಾಯಿಲೆಯೇ, ಶುರುವಾಗಿದೆ, ಹಾಸನಕ್ಕೆ ಕರಕೊಂಡು ಹೋಗಿ ತೋರಿಸಿ, ನಿಧಾನ ಮಾಡೋಕೆ ಆಗಬಹುದು, ನಿಲ್ಲಿಸೋಕೆ ಆಗಲ್ಲ. ಕರಕೊಂಡು ಹೋದೆವು. ಅಲ್ಲೂ ಅದನ್ನೇ ಹೇಳಿದರು. ಮಾತ್ರೆ ಬರೆದುಕೊಟ್ಟರು.

ಆದರೆ ಮನಸ್ಸು ಕೇಳಬೇಕಲ್ಲ. ನಾನು ಆ ಒಂದು ಮನೆಯನ್ನ, ಡಾಕ್ಟ್ರಮ್ಮ ಕೈಯಲ್ಲಿ ಎಳೆದ ಆ ಚೌಕವನ್ನ, ಗಟ್ಟಿಯಾಗಿ ಹಿಡ್ಕೊಂಡೆ. ಎಲ್ಲಿತನಕ ಅತ್ತೆ ಮಾವನ ಹೆಸರು ಹೇಳಲ್ವೋ ಅಲ್ಲಿತನಕ ಅತ್ತೆ ಅತ್ತೆಯೇ. ಉಪ್ಪು ಎರಡಲ್ಲ, ಹತ್ತು ಸಲ ಬೀಳಲಿ. ಇದನ್ನ ನಾನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಮಾವನ ಮನಸ್ಸಿನಲ್ಲೂ ಅದೇ ಇತ್ತು ಅಂತ ಗೊತ್ತಾಯ್ತು. ಹೇಗೆ ಅಂತೀರಾ? ಅವರು ಸೀರೆಯ ಮಾತು ನಿಲ್ಲಿಸಿಬಿಟ್ಟರು. ಐವತ್ತು ವರ್ಷ 'ಹೇಳು ಹೇಳು' ಅಂತ ಕಾಡಿದ ಮನುಷ್ಯ, ಈಗ ಎಲ್ಲಿ ಹೇಳಿಬಿಡ್ತಾಳೋ ಅಂತ ಹೆದರ್ತಿದ್ದರು. ಅತ್ತೆ ಏನಾದರೂ ಕೂಗೋಕೆ ಬಾಯಿ ತೆಗೆದರೆ ಸಾಕು, ಅವರೇ ಮೊದಲು "ಬಂದೆ ಬಂದೆ" ಅಂತ ಎದ್ದು ಹೋಗೋರು.

ಹೀಗೆ ಒಂದು ವರ್ಷ ಕಳೀತು. ಒಂದು ಬೆಳಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ, ಮಾವ ಒಲೆ ಮುಂದೆ ಕೂತು ಕಾಫಿ ಕುಡೀತಿದ್ದರು. ಅತ್ತೆ ಹೊರಗಿಂದ ಬಂದು, "ಇವತ್ತು ಇಂಥ ವಾರ ಅಲ್ವೇನೆ?" ಅಂತ ಕೇಳಿದರು. 'ಇಂಥ' ಅಂತ ನಾನು ಬರೆದಿದೀನಿ. ಅವರು ಆ ದಿನದ ಹೆಸರನ್ನೇ ಹೇಳಿದರು, ಸುಲಭವಾಗಿ, ಬಿಸಿಲು ಬಂತು ಅನ್ನೋ ಹಾಗೆ. ರೊಟ್ಟಿ ನನ್ನ ಕೈಯಲ್ಲೇ ಹರೀತು. ಮಾವ ಲೋಟದೊಳಗೆ ನೋಡ್ತಾ ಕೂತರು. ನಾನು ಅವರ ಮುಖ ನೋಡಲಿಲ್ಲ, ಅವರೂ ನನ್ನ ಮುಖ ನೋಡಲಿಲ್ಲ. "ಹೂಂ ಅತ್ತೆ, ಅದೇ ವಾರ" ಅಂದೆ. ಇನ್ನೇನು ಅನ್ನಲಿ?

ಆ ವರ್ಷದ ಕುಯ್ಲು ಮುಗಿದು, ಕಣದಲ್ಲಿ ಕಾಫಿ ಹರವಿದ್ದಾಗ ಡಾಕ್ಟ್ರಮ್ಮ ಮೂರನೇ ಸಲ ಬಂದರು. ಮಧ್ಯಾಹ್ನದ ಬಿಸಿಲು. ಮಾವ ಕಣದಲ್ಲಿ ಉದ್ದನೆ ಹಿಡಿಯ ಹಲಗೆ ಹಿಡ್ಕೊಂಡು ಕಾಫಿ ತಿರುವುತ್ತಿದ್ದರು. ಬೇಕು ಅಂತಲೇ ಅಷ್ಟು ದೂರ ಹೋಗಿದ್ದರು ಅಂತ ನನಗೆ ಅನಿಸುತ್ತೆ. ಈ ಸಲ ಡಾಕ್ಟ್ರಮ್ಮ ಹೆಚ್ಚು ಪ್ರಶ್ನೆ ಕೇಳಲೇ ಇಲ್ಲ. ಅತ್ತೆಯ ಕೈ ತಮ್ಮ ಕೈಯಲ್ಲಿಟ್ಕೊಂಡು ಊಟ ಆಯ್ತಾ, ಹಸು ಎಷ್ಟಿವೆ ಅಂತ ಮಾತಾಡಿಸಿದರು. ಕೊನೆಗೆ ತುಂಬ ಮೆತ್ತಗೆ, "ಅಮ್ಮ, ನಿಮ್ಮ ಯಜಮಾನರ ಹೆಸರೇನು?" ಅಂದರು.

ನಾನು ಅತ್ತೆಯ ಸೆರಗನ್ನೇ ನೋಡ್ತಾ ಇದ್ದೆ. ಬಾಯಿಗೆ ಹೋಗಲಿ, ದೇವರೇ, ಒಂದ್ಸಲ ಬಾಯಿಗೆ ಹೋಗಲಿ.

ಹೋಗಲಿಲ್ಲ. ಅತ್ತೆ ಹುಬ್ಬು ಗಂಟಿಕ್ಕಿ, "ಯಜಮಾನ್ರಾ? ನಂಗೆಲ್ಲಿ ಮದ್ವೆ ಆಗೈತೆ?" ಅಂದರು. ಆಮೇಲೆ ಕಣದ ಕಡೆ ತಿರುಗಿ, ಕೈಯನ್ನ ಕಣ್ಣಿಗೆ ಮರೆ ಹಿಡಿದು, ಹೆಸರು ಹಿಡಿದು ಕೂಗಿದರು. ಪೂರ್ತಿ ಹೆಸರು ಅಲ್ಲ, ಚಿಕ್ಕಂದಿನಲ್ಲಿ ಕತ್ತರಿಸಿ ಕೂಗ್ತಾರಲ್ಲ, ಆ ಹೆಸರು. "ಬಾರೋ ಇಲ್ಲಿ! ಯಾರೋ ಬಂದವ್ರೆ, ಬಾರೋ!" ಆ ದನಿ ನಾನು ಯಾವತ್ತೂ ಕೇಳಿರಲಿಲ್ಲ. ಅದು ಅತ್ತೆಯ ದನಿಯಾಗಿರಲಿಲ್ಲ, ಕೆರೆ ಏರಿ ಮೇಲೆ ನಿಂತ ಹುಡುಗಿ ದನಿ.

ಮಾವನ ಕೈಯಲ್ಲಿದ್ದ ಹಲಗೆ ನಿಂತಿತು. ಅವರು ನಮಗೆ ಬೆನ್ನು ಹಾಕ್ಕೊಂಡೇ ನಿಂತಿದ್ದರು. ಟವೆಲಿಂದ ಮುಖ ಒರೆಸಿಕೊಂಡರು, ಇನ್ನೊಂದ್ಸಲ ಒರೆಸಿಕೊಂಡರು. ಆಮೇಲೆ ತಿರುಗಿ, "ಓ! ಬಂದೆ ಕಣಮ್ಮಿ!" ಅಂದರು. ಅವರ ದನಿಯಲ್ಲೂ ಒಬ್ಬ ಹುಡುಗ ಇದ್ದ.

ಡಾಕ್ಟ್ರಮ್ಮ ಪೇಪರ್ ಮೇಲೆ ಏನೂ ಬರೀಲಿಲ್ಲ. ಸುಮ್ಮನೆ ನನ್ನ ಕೈಗೆ ಕೊಟ್ಟರು. ಪೇಪರಲ್ಲಿ ಮೊದಲೇ ಅಚ್ಚಾಗಿದ್ದ ಚೌಕದ ಪ್ರಕಾರ, ಗಂಡನ ಹೆಸರು ಹೇಳಿದರೆ ಪೂರ್ತಿ ಅಂಕ. ಮೂರು ವರ್ಷದಲ್ಲಿ ಮೊದಲ ಸಲ ಅತ್ತೆ ಸರಿಯಾದ ಉತ್ತರ ಹೇಳಿದ್ದರು. ನಾನು ಏನೂ ಬರೀಲಾರದೆ ಆ ಪೇಪರ್ ಹಿಡ್ಕೊಂಡು ಗೊಳೋ ಅಂತ ಅತ್ತುಬಿಟ್ಟೆ. ಅತ್ತೆಯೇ ಬಂದು, "ಯಾರ್ ಬಯ್ದ್ರು ಮಗ? ಅಳ್ಬ್ಯಾಡ ಸುಮ್ಕಿರು" ಅಂತ ತಲೆ ಸವರಿದರು. ನಾನು ಯಾರು ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಇವತ್ತಿಗೂ ಯೋಚನೆ ಮಾಡೋಕೆ ಹೋಗಲ್ಲ.

ಅದಾದ ಮೇಲೆ ನಮ್ಮ ಮನೇಲಿ ಆ ಹೆಸರು ದಿನಕ್ಕೆ ನೂರ್ಸಲ ಕೇಳ್ತಿತ್ತು. ಮಾವ ಒಂದ್ಸಲಕ್ಕೂ ಬೇಸರ ಮಾಡ್ಕೊಳ್ಳಲಿಲ್ಲ. ತೋಟದಲ್ಲಿದ್ದರೂ ಓ ಅನ್ನೋರು, ಎಲೆ ಮುಂದೆ ಕೂತಿದ್ದರೂ ಓ ಅನ್ನೋರು. "ಐವತ್ತು ವರ್ಷದ ಬಾಕಿ ಒಟ್ಟಿಗೇ ತೀರಿಸ್ತಾವ್ಳೆ ಕಣವ್ವ" ಅಂತ ನನ್ನ ಹತ್ತಿರ ನಗೋರು. ನಕ್ಕು, ಆಚೆ ಹೋಗಿ ಸ್ವಲ್ಪ ಹೊತ್ತು ನಿಂತು ಬರೋರು.

ಒಂದು ವಾರ ಆಗಿತ್ತೇನೋ. ಬೆಳಗ್ಗೆ ಬಸ್ಸಿಗೆ ಸಕಲೇಶಪುರಕ್ಕೆ ಹೋದ ಮಾವ ಮಧ್ಯಾಹ್ನ ಒಂದು ಪೊಟ್ಟಣ ಕಂಕುಳಲ್ಲಿ ಇಟ್ಕೊಂಡು ಬಂದರು. ಬದನೇಕಾಯಿ ಬಣ್ಣದ ರೇಷ್ಮೆ ಸೀರೆ. ಅಂಗೈಯಗಲ ಅಂಚು.

"ಮಾವ..." ಅಂದೆ.

"ಮಾತು ಕೊಟ್ಟಿದ್ದೆ ಕಣವ್ವ. ಅವ್ಳು ಹೇಳ್ಬುಟ್ಲಲ್ಲ" ಅಂದರು.

ಜಗಲಿ ಮೇಲೆ ಅತ್ತೆಯ ಮಡಿಲಲ್ಲಿ ಸೀರೆ ಬಿಚ್ಚಿಟ್ಟರು. ನಾನು ಬಾಗಿಲಲ್ಲೇ ನಿಂತಿದ್ದೆ. ಅತ್ತೆ ಅಂಚಿನ ಮೇಲೆ ಬೆರಳಾಡಿಸಿ, "ಎಷ್ಟ್ ಚೆನ್ನಾಗೈತೋ! ಯಾರಿಗೋ ಇದು?" ಅಂತ ಕೇಳಿದರು.

"ನಮ್ಮನೆಯೋಳಿಗೆ."

"ಓಹೋ! ಮದ್ವೆ ಬೇರೆ ಆಗೈತಾ ನಿಂಗೆ? ನಂಗೆ ಹೇಳೇ ಇಲ್ಲ. ಏನವ್ಳ ಹೆಸ್ರು?"

ಮಾವನೂ ಹೆಂಡತಿಯ ಹೆಸರು ಹೇಳಿದವರಲ್ಲ. ಕೂಗೋದು 'ಅಮ್ಮಿ', ಇಲ್ಲ 'ಲೇ ಇವ್ಳೇ'. ಬಾಗಿಲು ತಡೆದ ದಿನ ಅವರೂ ಹೇಳಿದ್ದೇ ಕೊನೆ. ಸೀರೆಯ ಅಂಚನ್ನ ಅತ್ತೆಯ ಮಡಿಲಲ್ಲಿ ಸರಿಮಾಡಿದರು. ಆಮೇಲೆ ಅತ್ತೆಯ ಹೆಸರು ಹೇಳಿದರು.

ಅತ್ತೆಯ ಕಣ್ಣು ಅರಳಿತು. "ಅಯ್ಯೋ, ನನ್ ಹೆಸ್ರೇ ಕಣೋ ಅವ್ಳಿಗೂ!"

"ಹೂಂ ಕಣಮ್ಮಿ. ಅದೇ ಹೆಸ್ರು."

"ಚೆನ್ನಾಗಿ ನೋಡ್ಕತಾಳಾ ನಿನ್ನ?"

"ಚೆನ್ನಾಗಿ ನೋಡ್ಕಂಡ್ಲು ಕಣಮ್ಮಿ" ಅಂದರು ಮಾವ.